ಪುಸ್ತಕದೂರೋ, ಕರಣಿಕನೂರೋ?

ಯೆಹೂದದ ದಕ್ಷಿಣದ ಬೆಟ್ಟಸೀಮೆಯಲ್ಲಿದ್ದ ದೆಬೀರ್ ಎಂಬ ಊರಿಗೆ ಮೊದಲು ಕಿರ್ಯತ್‌ಸೇಫೆರ್ ಎಂಬ ಹೆಸರಿತ್ತೆಂದು ಯೆಹೋಶುವನ ಗ್ರಂಥದ 15ನೆಯ ಅಧ್ಯಾಯವೂ ನ್ಯಾಯಸ್ಥಾಪಕರ ಗ್ರಂಥದ ಮೊದಲ ಅಧ್ಯಾಯವೂ ಹೆಚ್ಚುಕಡಿಮೆ ಒಂದೇ ಮಾತಿನಲ್ಲಿ ಹೇಳುತ್ತವೆ. ಊರನ್ನು ಗೆದ್ದವನಿಗೆ ಮಗಳು ಅಕ್ಷಾಳನ್ನು ಕೊಡುವೆನೆಂದು ಕಾಲೇಬನು ಸಾರುತ್ತಾನೆ. ಒತ್ನೀಯೇಲನು ಗೆದ್ದು ಅವಳ ಕೈಹಿಡಿಯುತ್ತಾನೆ. ಬರಡು ನೆಲ ಪಾಲಿಗೆ ಬಂದ ಅಕ್ಷಾ, ತಂದೆಯಿಂದ ಮೇಲಣ ಮತ್ತು ಕೆಳಗಣ ಬುಗ್ಗೆಗಳನ್ನೂ ಕೇಳಿ ಪಡೆಯುತ್ತಾಳೆ.

ಹೆಸರಿನ ಮೊದಲ ಪದದಲ್ಲಿ ತೊಡಕಿಲ್ಲ. ಕಿರ್ಯ ಎಂದರೆ ಊರು. ಹೆಬ್ರೋನಿನ ಹಳೆಯ ಹೆಸರಾದ ಕಿರ್ಯತ್‌ಅರ್ಬದಲ್ಲಿಯೂ ಕಾಡಿನೂರು ಎಂಬ ಅರ್ಥದ ಕಿರ್ಯತ್‌ಯಾರೀಮಿನಲ್ಲಿಯೂ ಇರುವುದು ಅದೇ ಪದ. ಎರಡನೆಯದು ಹಾಗಲ್ಲ. ಪ್ರಾಚೀನ ಹೀಬ್ರೂ ಬರಹದಲ್ಲಿ ವ್ಯಂಜನಗಳೇ ಪ್ರಧಾನವಾಗಿ, ಸ್ವರಚಿಹ್ನೆಗಳನ್ನು ಮಸೋರೆಟರೆಂಬ ಪಾಠರಕ್ಷಕ ವಿದ್ವಾಂಸರು ಕ್ರಿಸ್ತಶಕದ ಮೊದಲ ಸಹಸ್ರಮಾನದ ಉತ್ತರಾರ್ಧದಲ್ಲಷ್ಟೇ ಸೇರಿಸಿದ್ದರಿಂದ, ಮೂಲದಲ್ಲಿದ್ದ ಮೂರು ವ್ಯಂಜನಗಳನ್ನು ಸೇಫೆರ್ ಎಂದು ಓದಿದರೆ ಪುಸ್ತಕ ಅಥವಾ ಪತ್ರವೆಂದೂ, ಸೋಫೆರ್ ಎಂದು ಓದಿದರೆ ಲಿಪಿಕಾರನೆಂದೂ ಅರ್ಥವಾಗುತ್ತದೆ. ಎಣಿಸು ಎಂಬ ಕ್ರಿಯಾಪದಕ್ಕೂ ಇವೇ ವ್ಯಂಜನಗಳು. ಸೆಪ್ಟುವಜಿಂಟ್ ಎಂದು ಹೆಸರಾದ ಗ್ರೀಕ್ ಭಾಷಾಂತರವು ಮಸೋರೆಟರಿಗಿಂತ ನೂರಾರು ವರ್ಷ ಮೊದಲೇ ಇದನ್ನು ಅಕ್ಷರಗಳ ನಗರವೆಂದು ತಿರುಗಿಸಿತ್ತು. ಯೆಹೋಶುವನ ಗ್ರಂಥದ ಅದೇ 15ನೆಯ ಅಧ್ಯಾಯದ 49ನೆಯ ವಚನದ ಹೀಬ್ರೂ ಪಾಠದಲ್ಲಿ ಊರಿನ ಹೆಸರು ಕಿರ್ಯತ್‌ಸನ್ನಾ ಎಂದಿದ್ದು, ಗ್ರೀಕ್ ಅಲ್ಲಿಯೂ ಅಕ್ಷರಗಳ ನಗರವನ್ನೇ ಉಳಿಸಿಕೊಂಡಿರುವುದರಿಂದ, ಸನ್ನಾ ಎಂಬುದನ್ನು ನಕಲುಗಾರನ ಕೈತಪ್ಪೆಂದು ಬಗೆಯುವುದು ಸರಳ.

ದೆಬೀರ್ ಎಂಬುದು ಹೀಬ್ರೂವಿನಲ್ಲಿ ದೇವಾಲಯದ ಗರ್ಭಗುಡಿಗೆ ಇರುವ ಹೆಸರು. ಸೊಲೊಮೋನನ ಆಲಯದ ವರ್ಣನೆಯಲ್ಲಿ ಇದು ಮತ್ತೆಮತ್ತೆ ಬರುತ್ತದೆ. ಆದರೆ ಪರ್ಷಿಯನ್ನರ ಆಳ್ವಿಕೆಯ ನೆಲದಲ್ಲಿ ರೂಪುಗೊಂಡ ಬಾಬಿಲೋನಿಯದ ತಾಲ್ಮೂದಿನ ಪಂಡಿತರು, ಬರಹಕ್ಕೆ ಸಂಬಂಧಿಸಿದ ಪರ್ಷಿಯನ್ ದಬೀರ್ ಪದವನ್ನು ನೆನೆದು, ಹಳೆಯ ಮತ್ತು ಹೊಸ ಹೆಸರುಗಳೆರಡಕ್ಕೂ ಒಂದೇ ಅರ್ಥ ಹಚ್ಚಿದರು. ಶಿವಾಜಿಯ ಮಂತ್ರಿಮಂಡಲದಲ್ಲಿ ಪರರಾಜ್ಯ ವ್ಯವಹಾರ ನೋಡಿಕೊಳ್ಳುತ್ತಿದ್ದ ದಬೀರನ ಪದವಿ ಈ ಪರ್ಷಿಯನ್ ಪದವೇ. ಒತ್ನೀಯೇಲನ ಕಾಲಕ್ಕೆ ಪರ್ಷಿಯನ್ನರು ಎಲ್ಲಿದ್ದರು ಎಂದು ಕೇಳುವವರಿಗೆ ಈ ನಿಷ್ಪತ್ತಿ ಒಪ್ಪಿಗೆಯಾಗದು, ಜಾಣತನವನ್ನಂತೂ ಮೆಚ್ಚಲೇಬೇಕು.

ಹತ್ತೊಂಬತ್ತನೆಯ ಶತಮಾನದ ಕೊನೆಗೆ ಈ ಹೆಸರು ಬೇರೊಂದು ಆಸೆ ಹುಟ್ಟಿಸಿತು. ಈಜಿಪ್ಟಿನ ಅಮರ್ನಾದಲ್ಲಿ 1887ರಲ್ಲಿ ದೊರೆತ ಜೇಡಿಫಲಕಗಳು ಕಾನಾನಿನ ಪಾಳೆಯಗಾರರು ಫರೋಹನಿಗೆ ಬರೆಸಿದ ಓಲೆಗಳನ್ನು ಬೆಳಕಿಗೆ ತಂದಾಗ, ಆಕ್ಸ್‌ಫರ್ಡಿನ ಆರ್ಚಿಬಾಲ್ಡ್ ಸೇಯ್ಸ್ ಮೊದಲಾದವರು ಕಿರ್ಯತ್‌ಸೇಫೆರಿನ ಮಣ್ಣಿನಡಿಯಲ್ಲಿ ಗ್ರಂಥಾಲಯವೇ ಹುದುಗಿರಬೇಕೆಂದು ನಂಬಿದರು. 1926ರಿಂದ 1932ರವರೆಗೆ ಟೆಲ್ ಬೇತ್ ಮಿರ್ಸಿಮ್ ದಿಬ್ಬವನ್ನು ಅಗೆಸಿದ ವಿಲಿಯಂ ಆಲ್‌ಬ್ರೈಟ್ ಅದೇ ದೆಬೀರ್ ಎಂದು ಗುರುತಿಸಿದರಾದರೂ, ಅಲ್ಲಿ ಗ್ರಂಥಾಲಯ ಸಿಗಲಿಲ್ಲ. ಸಿಕ್ಕಿದ್ದು ಮಡಕೆಚೂರುಗಳಿಂದ ಕಾಲಮಾನ ಕಟ್ಟುವ ಕ್ರಮ, ಅದು ಆ ನಾಡಿನ ಪುರಾತತ್ತ್ವಕ್ಕೇ ಆಧಾರವಾಯಿತು. ಆದರೆ ಆ ದಿಬ್ಬವಿರುವುದು ತಗ್ಗುಸೀಮೆಯಲ್ಲಿ, ಯೆಹೋಶುವನ ಗ್ರಂಥವು ದೆಬೀರನ್ನು ಎಣಿಸುವುದು ಬೆಟ್ಟಸೀಮೆಯ ಊರುಗಳ ನಡುವೆ. 1968–69ರಲ್ಲಿ ಮೋಶೆ ಕೊಖಾವಿ ಉತ್ಖನನ ನಡೆಸಿದ, ಹೆಬ್ರೋನಿನ ನೈಋತ್ಯಕ್ಕಿರುವ ಖಿರ್ಬೆತ್ ರಬೂದ್ ಬೆಟ್ಟದ ಮೇಲಿದೆ. ಊರೊಳಗೆ ಬುಗ್ಗೆಯಿಲ್ಲದೆ, ಉತ್ತರಕ್ಕೆ ಸುಮಾರು ಮೂರು ಕಿಲೋಮೀಟರ್ ದೂರದಲ್ಲಿ ಮೇಲೊಂದು ಕೆಳಗೊಂದು ಬಾವಿಗಳಿವೆ. ಇಂದು ಬಹುಮಂದಿ ಒಪ್ಪುವುದು ಈ ಜಾಗವನ್ನೇ.

ಹೆಸರಿನ ಮಟ್ಟಿಗೆ ಹೆಚ್ಚು ತೂಕದ ಸಾಕ್ಷ್ಯ ಈಜಿಪ್ಟಿನದು. ಕ್ರಿಸ್ತಪೂರ್ವ ಹದಿಮೂರನೆಯ ಶತಮಾನದ, ಒಬ್ಬ ಲಿಪಿಕಾರ ಮತ್ತೊಬ್ಬನ ಭೂಗೋಳಜ್ಞಾನವನ್ನು ಅಣಕಿಸುವ ಒಂದನೆಯ ಅನಸ್ತಾಸಿ ಪಪೈರಸ್‌ನಲ್ಲಿ ಕಿರ್ಯತ್‌ಅನಾಬ್‌ನ ಜೊತೆ ಬೇತ್‌ಸೋಫೆರ್ ಎಂದು ಓದಬಹುದಾದ ಊರೊಂದು ಬರುತ್ತದೆ. ಬೇತ್ ಮತ್ತು ಕಿರ್ಯತ್ ಎಂಬ ಪೂರ್ವಪದಗಳು ಅಲ್ಲಿ ಅದಲುಬದಲಾಗಿವೆ ಎಂದು ಊಹಿಸಿದ ಮ್ಯಾಕ್ಸ್ ಮ್ಯುಲ್ಲರ್, ಉತ್ತರಪದದ ಪಕ್ಕದಲ್ಲಿ ಬರವಣಿಗೆಯನ್ನು ಸೂಚಿಸುವ ಚಿತ್ರಚಿಹ್ನೆಯಿರುವುದನ್ನೂ ಎತ್ತಿತೋರಿಸಿದರು. ಹಾಗಾದರೆ ಇದು ಪುಸ್ತಕದ ಊರಲ್ಲ, ಕರಣಿಕನ ಊರು. ಇದೇ ಹೆಚ್ಚು ಸಂಭವನೀಯವೂ ಹೌದು, ಏಕೆಂದರೆ ಅಮರ್ನಾ ಕಾಲದ ಪಾಳೆಯಗಾರನಿಗೆ ಫರೋಹನೊಡನೆ ವ್ಯವಹರಿಸಲು ಗ್ರಂಥಭಂಡಾರ ಬೇಕಿರಲಿಲ್ಲ, ಅಕ್ಕಾಡಿಯನ್ ಬಲ್ಲ ಒಬ್ಬ ಬರೆಯುವವನಿದ್ದರೆ ಸಾಕಿತ್ತು.