ಪರದೇಶದ ವಿದ್ಯೆ, ತಾಯ್ನುಡಿಯ ಗಳಿಕೆ

‘ವಿನಾಯಕ’ ಕಾವ್ಯನಾಮದ ವಿ. ಕೃ. ಗೋಕಾಕರು ವ್ಯಾಸಂಗಕ್ಕಾಗಿ ಆಕ್ಸ್‌ಫರ್ಡಿಗೆ ತೆರಳಿದುದು ೧೯೩೬ರಲ್ಲಿ. ಸಣ್ಣ ಸಣ್ಣ ಕಾಲೇಜುಗಳ ಆ ವಿದ್ಯಾಪೀಠದಲ್ಲಿ ಶಿಷ್ಯನು ತಾನು ಬರೆದ ಪ್ರಬಂಧವನ್ನು ಗುರುವಿನ ಇದಿರಿನಲ್ಲಿ ಓದಿ, ಆಕ್ಷೇಪಗಳಿಗೆ ಉತ್ತರಿಸಬೇಕು. ಗೋಕಾಕರು ಅಲ್ಲಿ ಪ್ರಥಮ ವರ್ಗದಲ್ಲಿ ತೇರ್ಗಡೆಯಾದರು. ಅಂಥ ಆಂಗ್ಲ ಸಾಹಿತ್ಯವ್ಯಾಸಂಗದಲ್ಲಿ ತಾಯ್ನುಡಿ ಸೊರಗುವ ಭಯವುಂಟು; ಇಲ್ಲಿ ಸೊರಗಲಿಲ್ಲವೆಂಬುದಕ್ಕೆ ೧೯೪೦ರ ‘ಸಮುದ್ರಗೀತೆಗಳು’ ಸಾಕ್ಷಿ. ಕಡಲಿನ ಏರಿಳಿತಕ್ಕೆ ಸಮಪಾದದ ಕಟ್ಟು ಸಾಲದೆಂದರಿತು ಕವಿಗಳು ಮುಕ್ತಛಂದವನ್ನು ಹಿಡಿದರು. ಕೆಲವೆಡೆ ವಿಚಾರವು ಭಾವವನ್ನು ಹಿಂದಿಕ್ಕುವುದು ಕೊರತೆಯೇ ಸರಿ. ಆದರೂ ಹೊಸ ಲಯದ ಸಾಹಸವು ಅದನ್ನು ಮರೆಯಿಸುತ್ತದೆ. ಮರಳಿ ಬಂದ ಗೋಕಾಕರು ಶಿರಗುಪ್ಪಿಗೆ ಸಮೀಪದ ಸಾಂಗಲಿಯ ವಿಲಿಂಗ್ಡನ್ ಕಾಲೇಜಿನಲ್ಲಿ ಪ್ರಾಚಾರ್ಯರಾದರು. ಮಕ್ಕಳನ್ನು ಪರದೇಶಕ್ಕೆ ಕಳುಹುವ ಮನೆತನಗಳು ಪದವಿಯೊಡನೆ ಇಂಥ ಗಳಿಕೆಯನ್ನೂ ಬಯಸುವುದು ಯುಕ್ತ.