ಓದದೆ ಬೈದ ಗ್ರಂಥ

ಕಳೆದ ಮಳೆಗಾಲದಲ್ಲಿ ತೀರ್ಥಹಳ್ಳಿಯ ಕಡೆ ನಂಟರ ಮನೆಗೆ ಹೋಗಿದ್ದೆ. ಊಟವಾಗಿ ಜಗಲಿಯಲ್ಲಿ ಎಲೆಯಡಿಕೆಯ ತಟ್ಟೆಯ ಮುಂದೆ ಕುಳಿತಾಗ ಮಾತು ಘಟ್ಟದ ಕಾನೂನಿನತ್ತ ಹೊರಳಿತು. "ಗಾಡ್ಗೀಳರ ವರದಿ ಜಾರಿಗೆ ಬಂದರೆ ಕೊಟ್ಟಿಗೆಯಲ್ಲಿ ದನ ಕಟ್ಟುವ ಹಾಗೂ ಇಲ್ಲವಂತೆ, ಭಾವ" ಎಂದರು ಮನೆಯ ಯಜಮಾನರು. "ವರದಿಯನ್ನು ಓದಿದ್ದೀರಾ?" ಎಂದೆ. "ನಮಗೆ ಯಾರು ಕೊಟ್ಟರು ಓದಲಿಕ್ಕೆ? ನೀವು ಓದಿದ್ದೀರೋ?" ಎಂದು ತಿರುಗಿ ಕೇಳಿದರು. ಬಾಯಲ್ಲಿ ತಾಂಬೂಲವಿದ್ದದ್ದು ನನ್ನ ಮಾನ ಉಳಿಸಿತು.

ಊರಿಗೆ ಮರಳಿ ಓದಿದೆ. ಐನೂರು ಪುಟಗಳಿಗೆ ಮಿಕ್ಕ ಇಂಗ್ಲಿಷ್ ಗ್ರಂಥ. ಮಾಧವ ಗಾಡ್ಗೀಳರ ಅಧ್ಯಕ್ಷತೆಯಲ್ಲಿ ಕೇಂದ್ರ ಸರ್ಕಾರ 2010ರಲ್ಲಿ ನೇಮಿಸಿದ ಸಮಿತಿ ಇದನ್ನು 2011ರ ಆಗಸ್ಟಿನಲ್ಲಿ ಒಪ್ಪಿಸಿತು. ಸರ್ಕಾರಿ ವರದಿಗೆ ಸಾಹಿತ್ಯ ಪುರವಣಿಯಲ್ಲೇನು ಕೆಲಸವೆಂದು ವಾಚಕರು ಕೇಳಬಹುದು. ಸಣ್ಣ ಕವನ ಸಂಕಲನಕ್ಕೂ ಇಲ್ಲಿ ಎರಡು ಅಂಕಣ ದೊರೆಯುತ್ತವೆ. ಲಕ್ಷಾಂತರ ಜನರ ಬಾಳನ್ನು ಮುಟ್ಟುವ ಬರವಣಿಗೆಯನ್ನೂ ಯಾರಾದರೂ ಓದಿ ಬೆಲೆಗಟ್ಟಬೇಕಷ್ಟೆ.

ಮೊದಲು ಗುಣವನ್ನು ಹೇಳುತ್ತೇನೆ. ಘಟ್ಟವನ್ನೆಲ್ಲ ಸೂಕ್ಷ್ಮ ಪ್ರದೇಶವೆಂದೆಣಿಸಿ ಮೂರು ವಲಯಗಳಾಗಿ ವಿಂಗಡಿಸಿದರೂ, ಈ ವರದಿಯಲ್ಲಿ ಆಜ್ಞೆಯ ದನಿಗಿಂತ ಸಮಾಲೋಚನೆಯ ದನಿಯೇ ಹೆಚ್ಚು. ವಲಯಗಳ ಎಲ್ಲೆಯೂ ಕಟ್ಟುಪಾಡೂ ಗ್ರಾಮಸಭೆಯಿಂದ ಮೊದಲಾಗಿ ಚರ್ಚೆಯಾಗಬೇಕೆಂದು ಅದೇ ಹೇಳುತ್ತದೆ. ಗೋವೆಯ ಪ್ರಾದೇಶಿಕ ಯೋಜನೆಯನ್ನು ಗ್ರಾಮಸಭೆಗಳ ಮುಂದಿಟ್ಟದ್ದನ್ನು ಮಾದರಿಯಾಗಿ ತೋರಿಸುತ್ತದೆ. ನಮ್ಮ ಗುಂಡ್ಯದ ಜಲವಿದ್ಯುತ್ ಯೋಜನೆ ಬೇಡವೆನ್ನುವಾಗ ಅದು ತೊದಲುವುದಿಲ್ಲ. ಇನ್ನು ದನದ ಮಾತು. ನಾಡತಳಿಯ ರಾಸು ಸಾಕುವವರಿಗೆ ಪ್ರೋತ್ಸಾಹಧನ ಕೊಡಬೇಕೆಂದು ಅಲ್ಲಿ ಬರೆದಿದೆ! ಮಲೆನಾಡು ಗಿಡ್ಡದ ಒಡೆಯನು ಹೆದರಿದ್ದು ತನಗೆ ಹಣ ಕೊಡಿಸಹೊರಟ ಪುಸ್ತಕಕ್ಕೆ.

ಆದರೆ ದೋಷವೂ ಸಣ್ಣದಲ್ಲ. ಭೂಪಟವನ್ನು ಸುಮಾರು ಒಂಬತ್ತು ಕಿಲೋಮೀಟರ್ ಚದರದ ಮನೆಗಳಾಗಿ ಕೊರೆದು, ಅಂಕ ಹಾಕಿ, 142 ತಾಲ್ಲೂಕುಗಳನ್ನು ವಲಯಗಳಿಗೆ ಹಂಚಿದೆ. ತನ್ನ ಊರನ್ನು ಹುಡುಕುವ ರೈತನಿಗೆ ಸಿಗುವುದು ತಾಲ್ಲೂಕಿನ ಹೆಸರು. ಯಾವುದು ಕೂಡದು, ಯಾವುದಾದೀತು ಎಂಬುದೆಲ್ಲ ಕೋಷ್ಟಕದಲ್ಲಿದೆ. ಕಾರಣ ಮತ್ತೆಲ್ಲೋ ಇದೆ. ಗ್ರಾಮಸಭೆ ತೀರ್ಮಾನಿಸಲಿ ಎನ್ನುವ ಗ್ರಂಥವು ಕಾರ್ಯಾಲಯದ ಕಾರ್ಯದರ್ಶಿಯನ್ನು ಎದುರಿಗೆ ಕೂಡಿಸಿಕೊಂಡು ಬರೆದಂತಿದೆ. ಯಾರನ್ನು ನಂಬಿತೋ ಅವರೊಡನೆಯೇ ಅದು ಮಾತನಾಡಲಿಲ್ಲ.

ಸರ್ಕಾರವಂತೂ ಇದನ್ನು ಬೀರುವಿನಲ್ಲಿಟ್ಟಿತು. ಮಾಹಿತಿ ಆಯೋಗವೂ ದೆಹಲಿಯ ಹೈಕೋರ್ಟೂ ಹೇಳಿದ ಮೇಲೆ 2012ರ ಮೇ ತಿಂಗಳಲ್ಲಿ ಹೊರಗೆ ಬಂತು. ಒಂಬತ್ತು ತಿಂಗಳೆಂದರೆ ವದಂತಿಯೊಂದು ಬಲಿತು ಹುಟ್ಟುವುದಕ್ಕೆ ಸಾಕಾದ ಕಾಲ. 2013ರಲ್ಲಿ ವರದಿ ಒಪ್ಪಿಸಿದ ಕಸ್ತೂರಿರಂಗನ್ ಸಮಿತಿ ಸೂಕ್ಷ್ಮ ಪ್ರದೇಶವನ್ನು ಘಟ್ಟದ ಸುಮಾರು ಶೇಕಡಾ 37ಕ್ಕೆ ಇಳಿಸಿ, ಹಳ್ಳಿಗಳ ಹೆಸರುಗಳನ್ನೂ ಪಟ್ಟಿ ಮಾಡಿತು. ಅಷ್ಟರಲ್ಲಿ ಭಯಕ್ಕೆ ಬೇರು ಬಂದಿತ್ತು. 2014ರಿಂದ ಕರಡು ಅಧಿಸೂಚನೆಗಳು ಒಂದರ ಮೇಲೊಂದು ಹೊರಟವು. ಆರನೆಯದು ಹೊರಟದ್ದು 2024ರ ಜುಲೈ 31ರಂದು, ವಯನಾಡಿನ ಗುಡ್ಡ ಕುಸಿದ ಮರುದಿನ. ಅದರಲ್ಲಿ ಕರ್ನಾಟಕದ ಪಾಲು 20,668 ಚದರ ಕಿಲೋಮೀಟರ್. ಸೆಪ್ಟೆಂಬರಿನಲ್ಲಿ ನಮ್ಮ ರಾಜ್ಯದ ಮಂತ್ರಿಮಂಡಲ ಕಸ್ತೂರಿರಂಗನ್ ವರದಿಯನ್ನು ತಿರಸ್ಕರಿಸಿತು.

ಕರಡಿಗೆ ಆಕ್ಷೇಪಣೆ ಸಲ್ಲಿಸಲು ಕಾನೂನು 60 ದಿನಗಳ ಅವಕಾಶ ಕೊಡುತ್ತದೆ. ಓದಲಾರದ್ದನ್ನು ಆಕ್ಷೇಪಿಸುವುದೆಂತು? ಪರಿಸರ ಪರಿಣಾಮದ ಪರಿಶೀಲನೆಯ ನಿಯಮಗಳ ಕರಡು 2020ರಲ್ಲಿ ಬಂದಾಗ ಈ ಪ್ರಶ್ನೆ ನ್ಯಾಯಾಲಯದ ಮೆಟ್ಟಿಲೇರಿತು. ಎಂಟನೆಯ ಷೆಡ್ಯೂಲಿನ ಭಾಷೆಗಳಿಗೆಲ್ಲ ಅದನ್ನು ಅನುವಾದಿಸಿರೆಂದು ದೆಹಲಿಯ ಹೈಕೋರ್ಟು ಜೂನ್ 30ರಂದು ಆದೇಶಿಸಿತು. ಸ್ಥಳೀಯ ಭಾಷೆಯಲ್ಲಿ ಪ್ರಚಾರವಾಗಿಲ್ಲವೆಂಬ ದೂರಿನ ಮೇಲೆ ನಮ್ಮ ಹೈಕೋರ್ಟೂ ಆಗಸ್ಟಿನಲ್ಲಿ ಅಂತಿಮ ಅಧಿಸೂಚನೆಯನ್ನು ತಡೆಹಿಡಿಯಿತು. ನ್ಯಾಯಮೂರ್ತಿಗಳು ಅಂದು ಮಾಡಿದ್ದು ವಿಮರ್ಶಕನ ಕೆಲಸವೇ: ಈ ಬರಹದ ಓದುಗರು ಯಾರೆಂದು ಕೇಳಿದರು.

ನಾನೂ ನನ್ನ ಕೈಲಾದಷ್ಟು ಮಾಡಿದೆ. ದನ, ತೋಟಗಳಿಗೆ ಸಂಬಂಧಿಸಿದ ನಾಲ್ಕು ಪುಟಗಳನ್ನು ಕನ್ನಡಕ್ಕಿಳಿಸಿ ಭಾವನಿಗೆ ಕಳುಹಿಸಿದೆ. ವಾರದ ಮೇಲೆ ಉತ್ತರ ಬಂತು: "ದನದ ವಿಷಯ ತಿಳಿಯಿತು, ಭಾವ. ಆದರೆ ಮೊದಲನೆಯ ವಲಯದಲ್ಲಿ ರಾಸಾಯನಿಕ ಕೀಟನಾಶಕ ಐದು ವರ್ಷದೊಳಗೆ ನಿಲ್ಲಬೇಕೆಂದಿದೆಯಲ್ಲ, ಅಡಿಕೆಯ ಕೊಳೆರೋಗಕ್ಕೆ ನಾವು ಹೊಡೆಯುವ ಮೈಲುತುತ್ತ-ಸುಣ್ಣವೂ ಅದರಲ್ಲಿ ಸೇರಿತೋ? ಸೇರಿದರೆ ಮಳೆಗಾಲದಲ್ಲಿ ತೋಟ ಉಳಿಸಿಕೊಳ್ಳುವುದು ಹೇಗೆ?"

ನನಗೆ ಉತ್ತರ ಹೊಳೆಯಲಿಲ್ಲ. ಆದರೂ ಸಂತೋಷವಾಯಿತು. ಜಗಲಿಯಲ್ಲಿ ನಾನು ಕೇಳಿದ್ದು ವದಂತಿ, ಇದು ಆಕ್ಷೇಪಣೆ. ಎರಡರ ನಡುವೆ ಇದ್ದದ್ದು ನಾಲ್ಕು ಪುಟ ಕನ್ನಡ.