‘ಮುಂದಿನ ತಾರೀಖಿನವರೆಗೆ ವಿಸ್ತರಿಸಲಾಗಿದೆ’

ವಾಣಿಜ್ಯ ನ್ಯಾಯಾಲಯಗಳ ನಡಾವಳಿ ಹಾಳೆಯಲ್ಲಿ ಮತ್ತೆ ಮತ್ತೆ ಕಾಣುವಂಥ ಕೆಲವು ಸಾಲುಗಳನ್ನು ಇಲ್ಲಿ ಬಿಡಿಸಿ ಹೇಳುತ್ತಿದ್ದೇನೆ. ಯಾವುದೇ ನಿಜ ಮೊಕದ್ದಮೆಯಿಂದ ಎತ್ತಿದ ಸಾಲುಗಳಲ್ಲ, ಮಾದರಿಗೆಂದು ಜೋಡಿಸಿಕೊಂಡವು. ಸಂಗತಿ ಇಷ್ಟು: ಮಸಾಲೆ ಪುಡಿ ತಯಾರಿಸುವ ಪಾಲುದಾರಿಕೆ ಸಂಸ್ಥೆಯಿಂದ ಒಬ್ಬ ಪಾಲುದಾರ ಹೊರಬಂದಿದ್ದಾನೆ. ಹೆಚ್ಚುಕಡಿಮೆ ಅದೇ ಹೆಸರು, ಅದೇ ಬಣ್ಣದ ಪೊಟ್ಟಣದಲ್ಲಿ ತನ್ನ ಪುಡಿ ಮಾರತೊಡಗಿದ್ದಾನೆ. ಸಂಸ್ಥೆ ದಾವೆ ಹೂಡಿದೆ.

“ವಾದಿ ಪರ ವಕೀಲರ ವಾದ ಆಲಿಸಲಾಯಿತು. ಐ.ಎ. 1ರ ಮೇಲೆ ಮುಂದಿನ ತಾರೀಖಿನವರೆಗೆ ಏಕಪಕ್ಷೀಯ ತಾತ್ಕಾಲಿಕ ತಡೆಯಾಜ್ಞೆ.”

ಐ.ಎ. ಎಂದರೆ ದಾವೆಯೊಳಗೆ ಸಲ್ಲಿಸುವ ಮಧ್ಯಂತರ ಅರ್ಜಿ. 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 39ನೇ ಆದೇಶ, ನಿಯಮ 3ರ ಪ್ರಕಾರ ಎದುರು ಪಕ್ಷಕ್ಕೆ ನೋಟಿಸು ಕೊಟ್ಟ ಮೇಲೆಯೇ ತಡೆಯಾಜ್ಞೆ. ನೋಟಿಸು ಕೊಡುವಷ್ಟರಲ್ಲಿ ಕೇಳಿದ ಪರಿಹಾರವೇ ವ್ಯರ್ಥವಾಗುತ್ತದೆ ಎನ್ನುವಂತಿದ್ದರೆ ಮಾತ್ರ ವಿನಾಯಿತಿ. ಆಗಲೂ ನ್ಯಾಯಾಧೀಶರು ಕಾರಣ ಬರೆಯಲೇಬೇಕು. ಇದು ಬರೀ ಶಿಷ್ಟಾಚಾರವಲ್ಲ, ಕಡ್ಡಾಯ ಎಂದು ಸುಪ್ರೀಂ ಕೋರ್ಟ್ 1993ರಲ್ಲಿ ಶಿವಕುಮಾರ್ ಚಡ್ಢಾ ಪ್ರಕರಣದಲ್ಲಿ ಹೇಳಿದೆ. ಏಕಪಕ್ಷೀಯ ಆಜ್ಞೆ ಸೀಮಿತ ಅವಧಿಯದ್ದಾಗಿರಬೇಕು ಎಂಬ ಮಾತು ಮರುವರ್ಷ ಮಾರ್ಗನ್ ಸ್ಟ್ಯಾನ್ಲಿ ತೀರ್ಪಿನಲ್ಲಿ ಬಂತು. ಹಾಗಾಗಿಯೇ ಈ ಸಾಲಿನಲ್ಲಿ ‘ಮುಂದಿನ ತಾರೀಖಿನವರೆಗೆ’ ಎಂದಿದೆ. ಆ ದಿನ ವಿಸ್ತರಿಸದಿದ್ದರೆ ಆಜ್ಞೆ ಅಲ್ಲಿಗೇ ಮುಗಿಯಿತು.

ವಾಣಿಜ್ಯ ದಾವೆಗೆ ಇನ್ನೊಂದು ಬಾಗಿಲಿದೆ. 2015ರ ವಾಣಿಜ್ಯ ನ್ಯಾಯಾಲಯಗಳ ಕಾಯ್ದೆಯ ಕಲಂ 12ಎ ಪ್ರಕಾರ, ತುರ್ತು ಮಧ್ಯಂತರ ಪರಿಹಾರ ಬೇಡವಾದರೆ ಮೊದಲು ಮಧ್ಯಸ್ಥಿಕೆಗೆ ಹೋಗಬೇಕು. ಮಧ್ಯಸ್ಥಿಕೆ ತಪ್ಪಿಸಿಕೊಳ್ಳಲು ತುರ್ತಿನ ವೇಷ ಹಾಕುವಂತಿಲ್ಲ ಎಂದು 2023ರ ಯಾಮಿನಿ ಮನೋಹರ್ ತೀರ್ಪು ಎಚ್ಚರಿಸಿದೆ. ಇದನ್ನು ನೆನಪಿಟ್ಟುಕೊಳ್ಳಿ, ನಾಲ್ಕನೆಯ ಸಾಲಿಗೆ ಬೇಕಾಗುತ್ತದೆ.

“ನಿಯಮ 3ರ ಪಾಲನೆಯ ಪ್ರಮಾಣಪತ್ರ ಸಲ್ಲಿಕೆ.”

ಆಜ್ಞೆ ಸಿಕ್ಕ ಕೂಡಲೇ ಅರ್ಜಿ, ವಾದಪತ್ರ, ದಾಖಲೆಗಳ ಪ್ರತಿಯನ್ನು ಎದುರಾಳಿಗೆ ತಲುಪಿಸಬೇಕು ಇಲ್ಲವೇ ನೋಂದಾಯಿತ ಅಂಚೆಯಲ್ಲಿ ಕಳಿಸಬೇಕು. ಕಳಿಸಿದ್ದಕ್ಕೆ ಪ್ರಮಾಣಪತ್ರವನ್ನು ಅದೇ ದಿನ ಅಥವಾ ಮರುದಿನ ಸಲ್ಲಿಸಬೇಕು. ವಿಸ್ತರಣೆ ಕೇಳಲು ಬಂದ ವಾದಿ ಇದನ್ನು ಮಾಡಿದ್ದಾನೆಯೇ ಎಂದು ನ್ಯಾಯಾಧೀಶರು ಮೊದಲು ಕೇಳಬೇಕು.

“ಪ್ರತಿವಾದಿ ಪರ ವಕಾಲತ್ತು. ಆಕ್ಷೇಪಣೆಗೆ ಕಾಲಾವಕಾಶ ಕೋರಿಕೆ. ಆದೇಶ ವಿಸ್ತರಿಸಲಾಗಿದೆ.”

ಇದರಲ್ಲಿ ಅನ್ಯಾಯವಿಲ್ಲ. ಸಮಯ ಕೇಳಿದವನು ಪ್ರತಿವಾದಿ. ಅವನ ವಿಳಂಬಕ್ಕೆ ವಾದಿ ರಕ್ಷಣೆ ಕಳೆದುಕೊಳ್ಳಬಾರದು.

“ವಾದಿ ಪರ ವಕೀಲರಿಂದ ಕಾಲಾವಕಾಶ ಕೋರಿಕೆ. ಆದೇಶ ವಿಸ್ತರಿಸಲಾಗಿದೆ.”

ಮೇಲಿನ ಸಾಲಿಗೂ ಇದಕ್ಕೂ ಹಾಳೆಯ ಮೇಲೆ ಕೆಲವೇ ಪದಗಳ ವ್ಯತ್ಯಾಸ. ಪ್ರತಿವಾದಿಯ ಗೋದಾಮಿನಲ್ಲಿ ಅದರ ಅರ್ಥವೇ ಬೇರೆ. ಆಕ್ಷೇಪಣೆ ಸಲ್ಲಿಕೆಯಾಗಿದೆ, ವಾದಕ್ಕೆ ಅವನು ಸಿದ್ಧ. ಮೊದಲ ದಿನ ಒಂದು ಗಳಿಗೆಯೂ ಕಾಯಲಾಗದು ಎಂದು ಮಧ್ಯಸ್ಥಿಕೆಗೂ ಹೋಗದೆ ಬಂದಿದ್ದ ವಾದಿ ಈಗ ವಾಯಿದೆ ಕೇಳುತ್ತಿದ್ದಾನೆ. ಅತ್ತ ಮಾರಲಾಗದ ಪೊಟ್ಟಣಗಳ ಮೇಲಿನ ‘ಬಳಸಬಹುದಾದ ಕೊನೆಯ ದಿನಾಂಕ’ ಹತ್ತಿರವಾಗುತ್ತಿದೆ. ಹಬ್ಬದ ವ್ಯಾಪಾರ ಕೈತಪ್ಪಿದೆ. ಅಂಗಡಿಗಳವರು ಬೇರೆ ಸರಕು ತುಂಬಿಕೊಂಡಿದ್ದಾರೆ, ಬ್ಯಾಂಕಿನ ಕಂತು ಮಾತ್ರ ನಿಂತಿಲ್ಲ. ಹೀಗೆ ಕೆಲವು ವಾಯಿದೆ ಕಳೆದರೆ ದಾವೆ ಗೆದ್ದರೂ ಅವನಿಗೆ ಮಾರುಕಟ್ಟೆ ಉಳಿದಿರುವುದಿಲ್ಲ. ಸಾಕ್ಷ್ಯವೇ ಇಲ್ಲದೆ ಅಂತಿಮ ಡಿಕ್ರಿ ಕೊಟ್ಟಂತೆ ಆಯಿತು.

ಇದನ್ನು ತಡೆಯಲೆಂದೇ ನಿಯಮ 3ಎ ಇದೆ: ಏಕಪಕ್ಷೀಯ ಆಜ್ಞೆ ಕೊಟ್ಟ 30 ದಿನಗಳೊಳಗೆ ಅರ್ಜಿ ಇತ್ಯರ್ಥಪಡಿಸಲು ನ್ಯಾಯಾಲಯ ಯತ್ನಿಸಬೇಕು, ಆಗದಿದ್ದರೆ ಕಾರಣ ದಾಖಲಿಸಬೇಕು. 30 ದಿನ ಕಳೆದ ಮಾತ್ರಕ್ಕೆ ಆಜ್ಞೆ ತಾನಾಗಿ ಬಿದ್ದುಹೋಗದು. ಆದರೆ ಅಂಥ ವಿಳಂಬದಲ್ಲಿ ಪ್ರತಿವಾದಿ ನೇರವಾಗಿ ಮೇಲ್ಮನವಿ ಸಲ್ಲಿಸಬಹುದು ಎಂದು 2000ದಲ್ಲಿ ವೆಂಕಟಸುಬ್ಬಯ್ಯ ನಾಯ್ಡು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ದಾರಿ ತೆರೆಯಿತು. ಎಷ್ಟೋ ವ್ಯಾಪಾರಿಗಳಿಗೆ ಈ ಹಕ್ಕು ತಮಗಿದೆ ಎಂದೇ ತಿಳಿದಿಲ್ಲ.

ನನ್ನ ಮಟ್ಟಿಗೆ, ವಾದಿಯ ಕೋರಿಕೆಯ ಮೇಲೆ ವಾಯಿದೆ ಕೊಟ್ಟ ದಿನ ವಿಸ್ತರಣೆಗೆ ಪ್ರತ್ಯೇಕ ಕಾರಣ ಬರೆಯದಿದ್ದರೆ ಆ ವಿಸ್ತರಣೆ ಸಲ್ಲದು. ತಡೆಯಾಜ್ಞೆ ಬೇಡುವವನ ನಡತೆ ಶುದ್ಧವಾಗಿರಬೇಕೆಂದು 1995ರ ಗುಜರಾತ್ ಬಾಟ್ಲಿಂಗ್–ಕೋಕಾ ಕೋಲಾ ತೀರ್ಪು ಹೇಳಿದೆ. ಆಜ್ಞೆ ಕೈಗೆ ಬಂದ ಮೇಲೆ ವಿಚಾರಣೆ ಎಳೆಯುವುದೂ ನಡತೆಯೇ.

“ನಿಯಮ 4ರಡಿ ಐ.ಎ. 2 ಸಲ್ಲಿಕೆ.”

ತಡೆಯಾಜ್ಞೆ ತೆರವಿನ ಅರ್ಜಿ ಇದು. ನಿವೃತ್ತಿ ಪತ್ರದಲ್ಲಿ ಹೆಸರಿನ ಬಳಕೆಗೆ ಸಂಸ್ಥೆಯೇ ಒಪ್ಪಿತ್ತು, ಆ ಪುಟವನ್ನು ಮುಚ್ಚಿಟ್ಟು ವಾದಿ ಸುಳ್ಳು ಹೇಳಿದ್ದಾನೆ ಎನ್ನುತ್ತಾನೆ ಪ್ರತಿವಾದಿ. ಮುಖ್ಯ ವಿಷಯದಲ್ಲಿ ತಿಳಿದೂ ತಿಳಿದೂ ಸುಳ್ಳು ಹೇಳಿ, ನೋಟಿಸಿಲ್ಲದೆ ಆಜ್ಞೆ ಪಡೆದದ್ದು ಕಂಡುಬಂದರೆ ನ್ಯಾಯಾಲಯ ಅದನ್ನು ತೆರವುಗೊಳಿಸಬೇಕು. ಉಳಿಸಿಕೊಳ್ಳುವುದಾದರೆ ಏಕೆಂದು ಬರೆಯಬೇಕು.

“ಆರು ತಿಂಗಳು ಕಳೆದು ಆದೇಶ ತಾನಾಗಿ ರದ್ದಾಗಿದೆ ಎಂಬ ಮೆಮೊ. ತಿರಸ್ಕೃತ.”

ತಿರಸ್ಕಾರ ಸರಿಯಾಗಿದೆ. 2018ರ ಏಷ್ಯನ್ ರಿಸರ್ಫೇಸಿಂಗ್ ತೀರ್ಪು ವಿಚಾರಣೆಗಳಿಗೆ ಕೊಟ್ಟ ತಡೆಗೆ ಆರು ತಿಂಗಳ ಗಡಿ ಹಾಕಿತ್ತು. ಅದು ದಾವೆಯೊಳಗಿನ ತಡೆಯಾಜ್ಞೆಯ ಮಾತಾಗಿರಲಿಲ್ಲ. ಆ ಗಡಿಯನ್ನೂ 2024ರ ಫೆಬ್ರವರಿ 29ರಂದು ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠ ತೆಗೆದುಹಾಕಿತು.

“ಐ.ಎ. 1 ಮತ್ತು 2ರ ಮೇಲೆ ವಾದ ಮುಗಿದಿದೆ. ಆದೇಶಕ್ಕಾಗಿ.”

ಈಗ ಎರಡೂ ಕಡೆಯ ಕಾಗದಪತ್ರ ಮುಂದಿವೆ. ಮೇಲ್ನೋಟಕ್ಕೆ ವಾದಿಯ ಹಕ್ಕಿದೆಯೇ? ಆಜ್ಞೆಯಿಂದ ಯಾರಿಗೆ ಹೆಚ್ಚು ತೊಂದರೆ? ಹಣದಿಂದ ತುಂಬಲಾಗದ ನಷ್ಟವಿದೆಯೇ? ಮೊದಲ ದಿನ ಒಬ್ಬನ ಮಾತು ಕೇಳಿ ಕಂಡುಕೊಂಡ ಉತ್ತರ ಈಗ ಹಾಗೆಯೇ ನಿಲ್ಲಬೇಕಾಗಿಲ್ಲ. ಪೂರ್ತಿ ಮುಂದುವರಿಕೆ ಅಥವಾ ಪೂರ್ತಿ ತೆರವು ಎಂಬ ಎರಡೇ ದಾರಿಗಳೂ ಅಲ್ಲ: ನಿಯಮ 2ರಡಿ ಲೆಕ್ಕ ಇಡಲು, ಭದ್ರತೆ ಕೊಡಲು ಷರತ್ತು ವಿಧಿಸಬಹುದು. ಪೊಟ್ಟಣದ ಬಣ್ಣ ಬದಲಿಸಿ, ಮಾರಾಟದ ಲೆಕ್ಕವನ್ನು ತಿಂಗಳಿಗೊಮ್ಮೆ ಸಲ್ಲಿಸಿ ವ್ಯಾಪಾರ ನಡೆಸು ಎಂದರೆ ಇಬ್ಬರೂ ಬದುಕುತ್ತಾರೆ. ಕೆಳ ನ್ಯಾಯಾಲಯ ವಿವೇಚನೆಯಿಂದ ಕೊಟ್ಟ ಇಂಥ ಆದೇಶದಲ್ಲಿ ಮೇಲ್ಮನವಿ ನ್ಯಾಯಾಲಯ ಸುಲಭಕ್ಕೆ ಕೈಹಾಕುವುದಿಲ್ಲ, 1990ರ ವಾಂಡರ್–ಆಂಟಾಕ್ಸ್ ತೀರ್ಪು ಅದನ್ನು ಗಟ್ಟಿಮಾಡಿದೆ.

ಭದ್ರತೆಯ ಷರತ್ತು ಏಕೆ ಮುಖ್ಯವೆಂದರೆ, ಸಾಕಷ್ಟು ಆಧಾರವಿಲ್ಲದೆ ಪಡೆದ ತಡೆಯಾಜ್ಞೆಯಿಂದ ವ್ಯಾಪಾರ ಹಾಳಾದವನಿಗೆ ಸಂಹಿತೆಯ ಕಲಂ 95ರಡಿ ಸಿಗಬಹುದಾದ ಪರಿಹಾರದ ಗರಿಷ್ಠ ಮೊತ್ತ 50,000 ರೂಪಾಯಿ. ಆ ಅರ್ಜಿ ತೀರ್ಮಾನವಾದರೆ ಅದೇ ನಷ್ಟಕ್ಕೆ ಬೇರೆ ದಾವೆ ಹೂಡುವಂತೆಯೂ ಇಲ್ಲ.